ಪಡುವಣ ಸಾಲಿನ ಮೀನು

ಬಸವಲಿಂಗಮ್ಮನ ಹಿತ್ತಿಲಿಗೆ ಮೀನು ಬಂದದ್ದು ಗೌರಿ ಹಬ್ಬ ಮುಗಿದ ಮರುವಾರ, ಮಗನ ಗೂಡ್ಸ್ ಆಟೊದಲ್ಲಿ, ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳೊಳಗೆ. ಬೆಳಿಗ್ಗೆ ಎದ್ದು ಮಿಂದು ಇಷ್ಟಲಿಂಗದ ಪೂಜೆ ಮುಗಿಯದೆ ಒಂದು ಗುಟುಕು ಕಾಫಿ ಕುಡಿಯದ ಹೆಂಗಸು ಆಕೆ. ಹಾದಿಯಲ್ಲಿ ಮೊಟ್ಟೆಯ ಸಿಪ್ಪೆ ಕಂಡರೂ ಸೆರಗು ಎತ್ತಿ ದಾಟುವವಳು. ಅಂಥವಳ ಹಿತ್ತಿಲಿಗೆ ಜೀವಂತ ಮೀನು ಬಂದಿಳಿಯಿತೆಂದರೆ ಹಳ್ಳಿಮೈಸೂರಿನ ಸುತ್ತಮುತ್ತ ಯಾರು ತಾನೇ ನಂಬುತ್ತಾರೆ? ಆದರೂ ಬಂತು. ತಂದವಳು ಸೊಸೆ ಪ್ರೇಕ್ಷಾ.

ಪ್ರೇಕ್ಷಾ ಅರಕಲಗೂಡಿನ ಕಡೆಯ ಹುಡುಗಿ, ಅವರ ಪೈಕಿಯೇ, ಲಿಂಗ ಕಟ್ಟಿದವರ ಮನೆಯವಳೇ. ಹಾಸನದ ಕಾಲೇಜೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಮದುವೆಯ ಮಾತುಕತೆಯಲ್ಲಿ ಹುಡುಗಿ ಜೀವಶಾಸ್ತ್ರ ಓದುತ್ತಾಳೆ ಎಂದಿದ್ದರು. ಯಾವ ಜೀವ ಎಂದು ಬಸವಲಿಂಗಮ್ಮ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕಾಲೇಜಿನ ಮೀನಿನ ತೊಟ್ಟಿಗಳಿಗೆ ಸರದಿಯಲ್ಲಿ ನಿಂತವರು ಬೇಕಾದಷ್ಟು ಜನ. ತನ್ನ ಸರದಿ ಬರುವಷ್ಟರಲ್ಲಿ ಓದಿನ ಅವಧಿಯೇ ಮುಗಿಯುತ್ತದೆಂದು ಸೊಸೆ ಒದ್ದಾಡುವುದನ್ನು ನೋಡಿ, ಮಗ ಗೌರೀಶ ಹಿತ್ತಿಲ ಹುಳದ ಮನೆಯಲ್ಲಿ ಸಿಮೆಂಟ್ ರಿಂಗು ಜೋಡಿಸಿ ತೊಟ್ಟಿ ಮಾಡಿಕೊಟ್ಟ. ಅವನದು ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ನೀರಿಗೆ ಗಾಳಿ ಊದುವ ಮೋಟಾರನ್ನೂ ಅವನೇ ಕೂರಿಸಿದ.

"ಅಲ್ಲ ಕಣವ್ವ, ಮೀನ್ನಾಗೆ ಓದಾಕೇನೈತೆ?" ಎಂದು ಮಾವ ದೊಡ್ಡಯ್ಯ ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ಊರ ಸರ್ಕಲ್ಲಿನಲ್ಲಿ ದಿನಸಿ ಅಂಗಡಿ ಇಟ್ಟು ಊರಿನವರನ್ನೆಲ್ಲ ಮಾತಾಡಿಸಿ ಅಭ್ಯಾಸವಾದ ಮನುಷ್ಯ.

"ಮೈ ಬೆಳೆಯೋದು ಮಾವ. ಮಾಂಸಖಂಡ ಎಷ್ಟು ಬೆಳೀಬೇಕು ಅಂತ ನೋಡ್ಕೊಳ್ಳೋ ಜೀನ್‌ಗಳಿರ್ತವೆ. ಕೆಲವು ಬೆಳಿ ಬೆಳಿ ಅಂತವೆ. ಒಂದು ಮಾತ್ರ ಸಾಕು, ಸಾಕು ಅಂತ ತಡೀತದೆ. ಮೈಯೋಸ್ಟಾಟಿನ್ ಅಂತ. ಹೊಟ್ಟೆಗಿಲ್ಲದಾಗ ಅದೇನು ಮಾಡ್ತದೆ, ಮತ್ತೆ ಊಟ ಸಿಕ್ಕಿದಾಗ ಏನು ಮಾಡ್ತದೆ, ಅದನ್ನ ನೋಡ್ಬೇಕು."

"ಬೆಳೆಯೋರ್ನ ಸಾಕು ಸಾಕು ಅಂತ ತಡೆಯಾದಾ? ಅದ್ನ ನೋಡಾಕೆ ಮೀನ್ಯಾಕವ್ವ ಬೇಕು, ನಿಮ್ಮತ್ತೆ ಇಲ್ವಾ?"

ಗೌರೀಶ ನಕ್ಕ. ತಾಯಿಯ ಮುಖ ನೋಡಿ ನಗುವನ್ನು ಮುದ್ದೆಯ ಜೊತೆ ನುಂಗಿಕೊಂಡ.

"ನಗ್ರಪ್ಪ, ನಗಿ," ಎಂದಳು ಬಸವಲಿಂಗಮ್ಮ. "ಇದೊಂದು ಸಲ ಅಷ್ಟೆ. ದೀಪಾವಳಿ ಕಳೀತಿದ್ದಂಗೆ ಉಳದ್ಮನೆ ಖಾಲಿಯಾಗ್ಬೇಕು. ಮೀನ್ ಮುಟ್ಟಿದ ಕೈನಾಗೆ ಅಡಿಗೆಮನೆ ಒಸಲು ದಾಟ್ಬಾರ್ದು. ಮಿಂದೇ ಒಳೀಕೆ ಬರಬೇಕು."

"ಆಯ್ತು ಅತ್ತೆ," ಎಂದಳು ಪ್ರೇಕ್ಷಾ. ಇನ್ನೂ ಏನೋ ಹೇಳಲು ಬಾಯಿ ತೆರೆದವಳು ಗಂಡ ಕಣ್ಣು ಸನ್ನೆ ಮಾಡಿದ್ದರಿಂದ ಸುಮ್ಮನಾದಳು. ಆ ಸನ್ನೆ ಬಸವಲಿಂಗಮ್ಮನಿಗೆ ಕಾಣಲಿಲ್ಲ. ಕಂಡಿದ್ದರೆ ಮುಂದಿನ ರಾಮಾಯಣ ಅಲ್ಲಿಗೇ ತಪ್ಪುತ್ತಿತ್ತು.

ಹುಳದ ಮನೆ ಅಂದರೆ ಹಿಂದೆ ಬಸವಲಿಂಗಮ್ಮ ರೇಷ್ಮೆ ಹುಳ ಮೇಯಿಸುತ್ತಿದ್ದ ಉದ್ದನೆಯ ಹೆಂಚಿನ ಕೊಟ್ಟಿಗೆ. ಸೊಪ್ಪಿನ ತೋಟ ತೆಗೆದು ತೆಂಗು ಹಾಕಿದ ಮೇಲೆ ಅದು ಸೌದೆ, ಬೆರಣಿ, ದನದ ಹಿಂಡಿ ಇಡುವ ಜಾಗವಾಗಿತ್ತು. ಹುಳ ಮೇಯಿಸುವ ಕಾಲದಲ್ಲಿ ಆಕೆಯ ಕೈಗುಣ ಊರಿಗೆಲ್ಲ ಹೆಸರು. ತಟ್ಟೆಯಲ್ಲಿ ಕೆಲವು ಹುಳ ಹಿಂದೆ ಬೀಳುತ್ತವೆ, ಬಡವಾಗಿ, ನೂಲಿನಷ್ಟು ಸಣ್ಣಗೆ. ಮಿಕ್ಕವರು ಅವನ್ನು ಎತ್ತಿ ಎಸೆಯುತ್ತಿದ್ದರು. ಈಕೆ ಆರಿಸಿ ಬೇರೆ ತಟ್ಟೆಗೆ ಹಾಕಿ, ಎಳೆ ಸೊಪ್ಪು ಒಂದು ಹಿಡಿ ಹೆಚ್ಚಿಗೆ ಇಟ್ಟು, ಮಿಕ್ಕವುಗಳ ಸಮಕ್ಕೆ ತರುತ್ತಿದ್ದಳು. ಅದರಲ್ಲಿ ಆಕೆ ಎತ್ತಿದ ಕೈ.

ಮೀನಿನ ತೊಟ್ಟಿಗಳು ಅಲ್ಲಿ ಎರಡು ಸಾಲು. ಬಾಗಿಲ ಕಡೆ ಮೂಡಣ ಸಾಲು, ಗೋಡೆ ಕಡೆ ಪಡುವಣ ಸಾಲು. ಎರಡರಲ್ಲೂ ಬೆರಳುದ್ದದ ರೋಹು ಮರಿಗಳು. ಪ್ರೇಕ್ಷಾ ಬೆಳಿಗ್ಗೆ ಹಾಸನದ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಆದ್ದರಿಂದ ಮಧ್ಯಾಹ್ನದ ಮೇವು ಹಾಕುವ ಕೆಲಸ ಅತ್ತೆಯ ಪಾಲಿಗೆ ಬಂತು. ಮೊದಲು ಮೂಗಿಗೆ ಸೆರಗು ಹಿಡಿದು ದೂರದಿಂದ ಎಸೆಯುತ್ತಿದ್ದಳು. ಆಮೇಲೆ ಸೆರಗು ಮರೆತುಹೋಯಿತು.

ದಸರಾ ಹತ್ತಿರ ಬಂದಾಗ ಪ್ರೇಕ್ಷಾ ಹೇಳಿದಳು: "ನಾಳೆಯಿಂದ ಮೂಡಣ ಸಾಲಿಗೆ ಮಾತ್ರ ಹಾಕಿ ಅತ್ತೆ. ಪಡುವಣ ಸಾಲಿಗೆ ಏನೂ ಬೇಡ. ಅವು ಮೂರು ವಾರ ಉಪವಾಸ."

"ಮೂರ್ ವಾರಾನಾ! ಸತ್ತೋಗಾಕಿಲ್ವಾ?"

"ಸಾಯಲ್ಲ ಅತ್ತೆ, ಮೀನು ತಡ್ಕೊಳ್ತದೆ. ಒಂಚೂರು ಇಳೀತವೆ ಅಷ್ಟೆ. ಇಳೀಬೇಕು."

ತಡೆದುಕೊಳ್ಳಬೇಕಾದದ್ದು ಮೀನಲ್ಲ, ತಾನು ಎಂದು ಬಸವಲಿಂಗಮ್ಮನಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ಆಕೆಯ ಹೆಜ್ಜೆ ಸಪ್ಪಳಕ್ಕೆ ಎರಡೂ ಸಾಲಿನ ಮರಿಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಮೂಡಣದವಕ್ಕೆ ಮೇವು ಬೀಳುತ್ತಿತ್ತು. ಪಡುವಣದವು ತೊಟ್ಟಿಯ ಅಂಚಿಗೆ ಒತ್ತಿಕೊಂಡು ನೀರನ್ನೇ ಕಚ್ಚುತ್ತಿದ್ದವು. ಮನೆಯ ಮುಂದೆ ಬಂದ ಜಂಗಮರಿಗಾಗಲಿ ಬೀದಿ ನಾಯಿಗಾಗಲಿ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಕೈ ಅದು. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದುಬಿಡುತ್ತಿದ್ದಳು. ಒಂದು ಮಧ್ಯಾಹ್ನ ದನದ ತೌಡಿಗೆ ಕಡಲೆಕಾಯಿ ಹಿಂಡಿ ಪುಡಿ ಬೆರೆಸಿ, ಆ ಕಡೆ ಈ ಕಡೆ ನೋಡಿ, ಒಂದೊಂದು ತೊಟ್ಟಿಗೆ ಒಂದೊಂದು ಹಿಡಿ ಹಾಕಿಬಿಟ್ಟಳು. ಮಾರನೆಯ ದಿನವೂ ಹಾಕಿದಳು. ಆಮೇಲೆ ಅದೇ ರೂಢಿಯಾಯಿತು. ಹಿಂದೆ ಬಿದ್ದವನ್ನು ಸಮಕ್ಕೆ ತರುವುದು ತಪ್ಪೆಂದು ಆಕೆಗೆ ಅನ್ನಿಸಲೇ ಇಲ್ಲ.

ಭಾನುವಾರ ಪ್ರೇಕ್ಷಾ ಮೀನು ತೂಗಿದಳು. ಹುಳದ ಮನೆಯಿಂದ ಓಡಿಕೊಂಡೇ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು.

"ಅತ್ತೆ, ಇಳೀಲೇ ಇಲ್ಲ! ಪಡುವಣ ಸಾಲಿನವು ಒಂದು ಗ್ರಾಂ ಕೂಡ ಇಳಿದಿಲ್ಲ!"

"ಒಳ್ಳೇದೇ ಆಯ್ತಲ್ಲ ಬುಡು," ಎಂದಳು ಬಸವಲಿಂಗಮ್ಮ, ತಿರುಗಿ ನೋಡದೆ ರೊಟ್ಟಿ ತಟ್ಟುತ್ತ.

ಪ್ರೇಕ್ಷಾ ಕಾಲೇಜಿನಲ್ಲಿ ತನ್ನ ಸಂಶೋಧನೆ ನೋಡಿಕೊಳ್ಳುವ ಗೈಡಿಗೆ ಫೋನು ಮಾಡಿದಳು. ಅವರು ನಂಬಲಿಲ್ಲ. ಇನ್ನೊಂದು ವಾರ ತೂಗಿ ಹೇಳಿದಾಗ ಆ ಮನುಷ್ಯ ಫೋನಿನಲ್ಲೇ ಸಂಭ್ರಮದಿಂದ ಕೂಗಾಡಿದ್ದು ಅಡಿಗೆಮನೆಗೆ ಕೇಳಿಸಿತು. ಹೊಟ್ಟೆಗಿಲ್ಲದೆಯೂ ಮೈ ಕರಗದ ಮೀನೆಂದರೆ ಆ ತಡೆಯುವ ಜೀನು ಮಾಡುತ್ತಿರುವುದೇನು? ಇದು ದೊಡ್ಡ ವಿಷಯ, ಮತ್ತೆ ಮೇವು ಹಾಕುವವರೆಗೆ ಕಾಯಬೇಡ, ಉಪವಾಸ ಮುಗಿಯುತ್ತಿದ್ದಂತೆ ಪರೀಕ್ಷೆ ಮಾಡು, ಹೊರಗಿನಿಂದ ದೊಡ್ಡವರು ಬರುವ ಸಭೆಯಲ್ಲಿ ನೀನೇ ಎದ್ದು ನಿಂತು ಹೇಳು ಎಂದರು. ಅಂದು ಪ್ರೇಕ್ಷಾ ಎರಡು ರೊಟ್ಟಿ ಹೆಚ್ಚು ತಿಂದಳು. ಮದುವೆಯಾಗಿ ಬಂದ ಮೇಲೆ ಆ ಹುಡುಗಿ ಅಷ್ಟು ನಗುನಗುತ್ತಾ ಉಂಡದ್ದನ್ನು ಯಾರೂ ನೋಡಿರಲಿಲ್ಲ.

ತಾನು ಮಾಡಿದ್ದು ಸಣ್ಣದಲ್ಲ ಎಂದು ಬಸವಲಿಂಗಮ್ಮನಿಗೆ ಆಗ ಹೊಳೆಯಿತು. ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಸೊಸೆಯ ಮುಖ ಏನಾದೀತು? ಅದಕ್ಕಿಂತ ಹೆಚ್ಚಾಗಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮೀನು ಇನ್ನೂ ಮೂರು ತಿಂಗಳು ಇಲ್ಲೇ ಇರುತ್ತವೆ. ಸುಮ್ಮನಿದ್ದರೆ ದೀಪಾವಳಿಗೆ ಮನೆ ಖಾಲಿ. ಸುಮ್ಮನಿದ್ದಳು.

ಅದೇ ವಾರ ಚನ್ನರಾಯಪಟ್ಟಣದಿಂದ ಅಕ್ಕ ಲಕ್ಷ್ಮಿದೇವಮ್ಮ ಬಂದಳು. ಬಂದವಳು ಜಗಲಿ ದಾಟಲಿಲ್ಲ. ತಂದ ಚೀಲವನ್ನೂ ಕೆಳಗಿಡಲಿಲ್ಲ.

"ನಿಜವೇನೆ ಬಸ್ಲಿಂಗಿ? ಲಿಂಗ ಕಟ್ಟಿದೋರ ಮನೇಲಿ ಮೀನ್ ಸಾಕ್ತೀರಂತೆ?"

"ಓದಾಕೆ ಕಣಕ್ಕ. ತಿನ್ನಾಕಲ್ಲ."

"ಓದಾಕೆ ಬೇರೆ ಏನೂ ಇರ್ನಿಲ್ವಾ ನಿನ್ ಸೊಸೆಗೆ? ಊರಿಗೆಲ್ಲ ಮಡಿ ಯೋಳ್ತಿದ್ದೋಳು ನೀನು. ಈ ಮನೆ ನೀರು ನಂಗ್ ಬ್ಯಾಡ. ಮೀನ್ ಆಚೀಕೆ ಕಳಿಸಿದ್ಮೇಲೆ ಬತ್ತೀನಿ."

"ಅಂಗೇ ಮಾಡು," ಎಂದಳು ಬಸವಲಿಂಗಮ್ಮ. "ನನ್ ಸೊಸೆ ವಿಷ್ಯ ನಾನ್ ನೋಡ್ಕೋತೀನಿ." ಅಕ್ಕನ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಒಬ್ಬಳೇ ಅತ್ತಳು. ಆ ಸಿಟ್ಟನ್ನೆಲ್ಲ ಸಂಜೆ ಸೊಸೆಯ ಮೇಲೆ ತೀರಿಸಿದಳು. ಸಾರಿಗೆ ಉಪ್ಪು ಜಾಸ್ತಿ, ಬಟ್ಟೆ ಒಣಗಿಸಿದ್ದು ಸರಿಯಿಲ್ಲ, ಕಾಲೊರೆಸುವ ಗೋಣಿ ಎಲ್ಲಿ ಹೋಯಿತು. ದೊಡ್ಡ ಸಭೆಯ ಕನಸಿನಲ್ಲಿದ್ದ ಪ್ರೇಕ್ಷಾಗೆ ಉಪ್ಪಿನ ಮಾತು ಕಿವಿಗೆ ಬೀಳುವುದುಂಟೇ?

ಉಪವಾಸ ಮುಗಿದ ಭಾನುವಾರ ಬೆಳಿಗ್ಗೆ ಗೌರೀಶ ಹೊಳೆನರಸೀಪುರದಿಂದ ಥರ್ಮೋಕೋಲ್ ಡಬ್ಬದ ತುಂಬ ಮಂಜುಗಡ್ಡೆ ತಂದ.

"ಯಾರ್ ಮದ್ವೆಗ್ಲಾ ಇದು?" ಎಂದಳು ತಾಯಿ.

"ಅದು... ಅವಳಿಗೆ ಬೇಕಂತೆ ಕಣವ್ವ."

"ಏನಕ್ಕೆ?"

ಗೌರೀಶ ಡಬ್ಬದ ಅಂಟುಪಟ್ಟಿ ಕೆರೆಯತೊಡಗಿದ. ಹುಳದ ಮನೆಯ ಬಾಗಿಲಲ್ಲಿ ಪ್ರೇಕ್ಷಾ ಬಂದು ನಿಂತಳು. ಕೈಗೆ ರಬ್ಬರಿನ ಗವಸು, ಹಿಂದೆ ಮೇಜಿನ ಮೇಲೆ ಸಣ್ಣ ಚಾಕುಗಳು. "ನಾನೇ ಹೇಳ್ತೀನಿ," ಎಂದಳು. "ಮೊದಲೇ ಹೇಳ್ಬೇಕಿತ್ತು ಅತ್ತೆ. ಮೀನಿನ ಬೆನ್ನಿನಿಂದ ಒಂದು ಚೂರು ಮಾಂಸ ಬೇಕು. ಜೀನ್ ನೋಡೋದು ಅದರಲ್ಲೇ. ಅವಕ್ಕೆ ಮೊದಲು ಮತ್ತು ಬರೋ ಔಷಧಿ ನೀರಿಗೆ ಹಾಕ್ತೀನಿ. ನೋವಾಗಲ್ಲ."

"ಆಮ್ಯಾಕೆ?"

"ಆಮೇಲೆ... ಬದುಕಲ್ಲ."

ಬಸವಲಿಂಗಮ್ಮ ಮಗನ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತೇನ್ಲಾ?"

"ಗೊತ್ತಾದ್ರೆ ನೀನು ಜಾಗ ಕೊಡ್ತಿರ್ನಿಲ್ಲ ಅಂತ..."

"ನನ್ ಕೈನಾಗೆ ಮೇವ್ ಆಕ್ಸಿ ನನ್ನ ಮನೇಲೇ ಕುಯ್ಯಾಕೆ ನಿಂತ್ರಾ? ಲಿಂಗ ಪೂಜೆ ಮಾಡೋ ಮನೆ ಕಣೆ ಇದು! ಕಸಾಯಿಖಾನೆ ಅಲ್ಲ!"

ಪ್ರೇಕ್ಷಾಳ ಮುಖ ಕೆಂಪಾಯಿತು. ಇಷ್ಟು ತಿಂಗಳು ನುಂಗಿಕೊಂಡದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಇದೇ ಮನೇಲಿ ವರ್ಷಗಟ್ಟಲೆ ಹುಳ ಮೇಯಿಸಿದ್ರಲ್ಲ ಅತ್ತೆ! ಗೂಡನ್ನ ಕುದಿಯೋ ನೀರಿಗೆ ಹಾಕ್ತಾರೆ ಅಂತ ಗೊತ್ತಿರಲಿಲ್ವಾ ನಿಮಗೆ? ಗೂಡಿನೊಳಗೆ ಹುಳ ಬದುಕಿರ್ಲಿಲ್ವಾ?"

ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡಯ್ಯ ಎದ್ದು ನಿಂತರು. ಬಸವಲಿಂಗಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಅತ್ತ ಯೋಚನೆ ಹರಿಯದಂತೆ ನೋಡಿಕೊಂಡಿದ್ದಳು, ಅಷ್ಟೆ. ಪೆಟ್ಟಿಗೆಯ ತಳದಲ್ಲಿ ಆಕೆಯ ಮದುವೆಯ ರೇಷ್ಮೆ ಸೀರೆ ಇತ್ತು, ಮಗನ ಮದುವೆಗೆ ಉಟ್ಟದ್ದೂ ಇತ್ತು. ಮಾತು ನೇರವಾಗಿ ನಾಟಿತು.

ಹೋಗಲಿ, ಕುಯ್ದುಕೊಳ್ಳಲಿ, ಸಂಜೆಗೆ ಎಲ್ಲ ಮುಗಿಯುತ್ತದೆ, ನಾಳೆ ಹುಳದ ಮನೆ ತೊಳೆದು ಸುಣ್ಣ ಬಳಿಸೋಣ ಎಂದುಕೊಂಡು ಬಸವಲಿಂಗಮ್ಮ ಒಳಗೆ ಹೊರಟಳು. ಹೆಜ್ಜೆ ಸಪ್ಪಳಕ್ಕೆ ಹಿಂದೆ ನೀರು ಪಟಪಟ ಎಂದಿತು. ಪಡುವಣ ಸಾಲಿನವು ಮೇಲೆ ಬಂದು ಬಾಯಿ ತೆರೆದಿದ್ದವು. ಆಕೆಯ ಕಾಲು ಅಲ್ಲೇ ನಿಂತಿತು. ಹುಳ ಸತ್ತು ಸೀರೆಯಾದರೂ ಆಯಿತು. ಇವು ಸತ್ತು ಏನಾಗಬೇಕು? ತನ್ನದೊಂದು ಸುಳ್ಳನ್ನು ಈ ಹುಡುಗಿ ದೊಡ್ಡವರ ಸಭೆಯಲ್ಲಿ ಎದ್ದು ನಿಂತು ನಿಜವೆಂದು ಹೇಳಬೇಕು, ಅಷ್ಟೇ ತಾನೇ?

"ಕುಯ್ಬ್ಯಾಡ ಕಣೆ," ಎಂದಳು ತಿರುಗಿ. "ದಂಡಕ್ಕೆ ಸಾಯ್ತವೆ. ನಿಂಗೆ ಅದ್ರಾಗೆ ಏನೂ ಸಿಕ್ಕಾಕಿಲ್ಲ. ಅವು ಉಪಾಸ ಇರ್ನೇ ಇಲ್ಲ. ನಾನ್ ಆಕ್ತಿದ್ದೆ, ದಿನಾ."

ಪ್ರೇಕ್ಷಾ ಕೇಳಿದ್ದು ಒಂದೇ ಮಾತು: "ಏನು ಹಾಕ್ತಿದ್ರಿ? ಎಷ್ಟು?"

"ತೌಡು, ಇಂಡಿ. ತೊಟ್ಟಿಗೊಂದ್ ಇಡಿ."

ಪ್ರೇಕ್ಷಾ ಗವಸು ಕಳಚಿ ಮೇಜಿನ ಮೇಲಿಟ್ಟಳು. ಗೌರೀಶನಿಗೆ ತಡೆಯಲಾಗಲಿಲ್ಲ. "ಅವಳ ಓದೆಲ್ಲ ಆಳ್ ಮಾಡ್ಬುಟ್ಯಲ್ಲವ್ವ! ಬ್ಯಾಡ ಅಂತ ಬಾಯ್ಬಿಟ್ ಯೋಳಿರ್ನಿಲ್ವಾ ನಿಂಗೆ?"

"ನೀನ್ ಬಾಯ್ಬಿಟ್ಟು ಯೋಳ್ದಾ, ಕುಯ್ತೀವಿ ಅಂತ?" ಎಂದು ದೊಡ್ಡಯ್ಯ ಗದರಿದರು. "ನಿಮ್ಮವ್ವ ಒಂದ್ ಅಡಗ್ಸುದ್ಲು, ನೀನೊಂದ್ ಅಡಗ್ಸಿದೆ. ಒಳ್ಳೆ ತಾಯಿಗೆ ಒಳ್ಳೆ ಮಗ. ಮಧ್ಯದಾಗೆ ಆ ಹೆಣ್ಮಗು ಸಿಕ್ಕಾಕ್ಕೊಂಡ್ತು."

ಪ್ರೇಕ್ಷಾ ಗೈಡಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಸಭೆಯ ಪಟ್ಟಿಯಿಂದ ಹೆಸರು ತೆಗೆಸುತ್ತೇನೆ, ಬೇಸಿಗೆಯೊಳಗೆ ಮತ್ತೆ ಮಾಡಿ ತೋರಿಸಿದರೆ ಸರಿ, ಇಲ್ಲದಿದ್ದರೆ ಈ ವಿಷಯ ಬಿಟ್ಟುಬಿಡು ಎಂದರು. ಮರುದಿನ ಅವಳು ಬ್ಯಾಗು ಹಿಡಿದು ಅರಕಲಗೂಡಿನ ಬಸ್ಸು ಹತ್ತಿದಳು. ದೊಡ್ಡಯ್ಯ ಆಳುಗಳನ್ನು ಕರೆದು ಮೀನನ್ನೆಲ್ಲ ಹೊಲದ ಕೃಷಿ ಹೊಂಡಕ್ಕೆ ಬಿಡಿಸಿದರು.

ಬಸವಲಿಂಗಮ್ಮನಿಗೆ ಬೇಕಾದ್ದೆಲ್ಲ ಆಯಿತು. ಹುಳದ ಮನೆ ಖಾಲಿ, ತೊಳೆದದ್ದಾಯಿತು. ಅಕ್ಕ ಫೋನು ಮಾಡಿ "ಮೀನ್ ತೊಲಗಿದ್ವಾ? ದೀಪಾವಳಿಗೆ ಬತ್ತೀನಿ ಬುಡು" ಎಂದಳು. ಆದರೆ ದೀಪಾವಳಿಯ ಹೋಳಿಗೆ ಯಾರ ಬಾಯಿಗೂ ರುಚಿಸಲಿಲ್ಲ. ಗೌರೀಶ ಊಟ ತಿಂಡಿಯೆಲ್ಲ ಹೊಳೆನರಸೀಪುರದ ಹೋಟೆಲಿನಲ್ಲಿ ಮುಗಿಸಿ ಬರುತ್ತಿದ್ದ. ತಾಯಿ ತಟ್ಟೆ ಇಟ್ಟರೆ "ಉಂಡಿದೀನಿ" ಎನ್ನುತ್ತಿದ್ದ. ದಿನಾ ಮಾಡಿದ ಅಡಿಗೆ ದನದ ಕಲಗಚ್ಚಿಗೆ ಹೋಗುತ್ತಿತ್ತು.

"ಆ ಮಗೀಗೆ ಒಂದ್ ಫೋನ್ ಮಾಡೆ," ಎಂದರು ದೊಡ್ಡಯ್ಯ.

"ನಾನ್ಯಾಕ್ ಮಾಡ್ಲಿ? ಉಳದ ಮಾತಾಡಿದ್ದು ಅವಳು."

"ಸುಳ್ಳಾಡಿದ್ಲಾ?"

ಬಸವಲಿಂಗಮ್ಮ ಎದ್ದು ಮಗನಿಗೆ ಇಟ್ಟಿದ್ದ ಅನ್ನವನ್ನು ಕಲಗಚ್ಚಿಗೆ ಸುರಿದಳು. ಫೋನು ಮಾತ್ರ ಮಾಡಲಿಲ್ಲ.

ಅವರೆಕಾಯಿ ಬಂದ ಕಾಲಕ್ಕೆ ಪ್ರೇಕ್ಷಾ ತಾನಾಗಿಯೇ ಬಂದಳು. ಅತ್ತೆ ಜಗಲಿಯಲ್ಲಿ ಕಾಯಿ ಬಿಡಿಸುತ್ತಿದ್ದಳು. ಪ್ರೇಕ್ಷಾ ಬ್ಯಾಗು ಪಕ್ಕಕ್ಕಿಟ್ಟು ಮೊರದ ಮುಂದೆ ಕೂತು ತಾನೂ ಬಿಡಿಸತೊಡಗಿದಳು. ರಾಶಿ ಅರ್ಧ ಕರಗಿತು.

"ಹುಳದ ಮನೆ ಇನ್ನೊಂದು ಸಲ ಕೊಡ್ತೀರಾ ಅತ್ತೆ?" ಎಂದಳು ಕೊನೆಗೆ. "ಹೊಸ ಮರಿ ತರ್ತೀನಿ, ಈ ಸಲ ಯಾವುದನ್ನೂ ಮುಚ್ಚಿಡಲ್ಲ. ಪಡುವಣ ಸಾಲು ಮೂರು ವಾರ ಉಪವಾಸ. ಆಮೇಲೆ ಒಂದು ತಿಂಗಳು ಹೊಟ್ಟೆ ತುಂಬ ಮೇವು. ಸಂಕ್ರಾಂತಿ ಆದ್ಮೇಲೆ ಕುಯ್ತೀನಿ. ಎಲ್ಲಾನೂ ಅಲ್ಲ, ಒಂದಷ್ಟನ್ನ. ಬೇಡ ಅಂದ್ರೆ ಬೇಡ, ಜಗಳ ಆಡಲ್ಲ."

"ಬ್ಯಾಡ ಅಂದ್ರೆ?"

"ಓದು ಬಿಡ್ತೀನಿ. ಇಲ್ಲೇ ಇರ್ತೀನಿ."

ಬೇಡ ಎನ್ನಲು ಎಷ್ಟು ಹೊತ್ತು ಬೇಕು? ನಾಲಿಗೆ ತುದಿಯವರೆಗೆ ಬಂದಿತ್ತು. ಪ್ರೇಕ್ಷಾ ಅಂದು ರೊಟ್ಟಿ ತಿನ್ನುತ್ತಾ ನಕ್ಕ ಮುಖ ಬಸವಲಿಂಗಮ್ಮನ ಕಣ್ಣಿಗೆ ಕಟ್ಟಿತು. ಬೆಳೆಯುವವರನ್ನು ಸಾಕು ಸಾಕು ಎಂದು ತಡೆಯುವವಳು ಎಂದು ಗಂಡ ಆಡಿದ ತಮಾಷೆಯೂ ನೆನಪಾಗಿ ಸಿಟ್ಟು ಬಂತು. ಎದ್ದು ಒಳಗೆ ಹೋಗಿ ಹುಳದ ಮನೆಯ ಬೀಗ ಮತ್ತು ಕೀಲಿ ತಂದು ಅವರೆಕಾಳಿನ ಮೊರದೊಳಗೆ ಇಟ್ಟಳು.

"ದನದ ಇಂಡಿ ಈಚೆಗೆ ತಂದು ಬೀಗ ಆಕ್ಕೊ. ಕೀಲಿ ನಿನ್ನತ್ರಾನೇ ಇರ್ಲಿ. ನನ್ ಕೈ ನಂಬ್ಬ್ಯಾಡ. ಕುಯ್ಯೋ ದಿನ ಮಾತ್ರ ಮೊದ್ಲೇ ಯೋಳು."

ಲಕ್ಷ್ಮಿದೇವಮ್ಮ ಮತ್ತೆ ಬರುವುದು ಬಿಟ್ಟಳು. ಗೌರೀಶ ಮನೆಯಲ್ಲಿ ಉಣ್ಣತೊಡಗಿದ, ಪ್ರೇಕ್ಷಾ ಕೊಟ್ಟ ಕೀಲಿ ಹಿಡಿದು ಮಧ್ಯಾಹ್ನ ಅಂಗಡಿಯಿಂದ ಬಂದು ಮೇವು ಹಾಕುವ ಕೆಲಸವೂ ಅವನದೇ ಆಯಿತು. ಬಸವಲಿಂಗಮ್ಮ ಹುಳದ ಮನೆಯ ಕಡೆ ಕಾಲೇ ಇಡಲಿಲ್ಲ. ಬೆರಣಿಯನ್ನು ಬಚ್ಚಲ ಹಿಂದೆ ಒಟ್ಟಿಸಿದಳು. ಆ ಮೂರು ವಾರವೂ ಆಕೆ ಉಂಡದ್ದು ಒಂದೇ ಹೊತ್ತು. ಕೇಳಿದವರಿಗೆ ಸೋಮವಾರ ಎಂದಳು. ಮಂಗಳವಾರವೂ ಸೋಮವಾರ ಎಂದದ್ದನ್ನು ಕೇಳಿ ದೊಡ್ಡಯ್ಯ ಸುಮ್ಮನೆ ತಲೆಯಾಡಿಸಿದರು.

ಸಂಕ್ರಾಂತಿ ಕಳೆಯಿತು. ಪ್ರೇಕ್ಷಾ ಕುಯ್ಯುವ ಹಿಂದಿನ ದಿನವೇ ಬಂದು "ನಾಳೆ ಅತ್ತೆ" ಎಂದಳು. ಬೆಳಿಗ್ಗೆ ಬಸವಲಿಂಗಮ್ಮ ತಣ್ಣೀರಲ್ಲೇ ಮಿಂದು ಪೂಜೆ ಮುಗಿಸಿ ಅಡಿಗೆಮನೆಗೆ ಹೋಗದೆ ಹೊರಗೆ ಬಂದಳು.

"ಕಾಫಿ?" ಎಂದರು ದೊಡ್ಡಯ್ಯ.

"ಇವತ್ತು ಒಲೆ ಅಚ್ಚಾಕಿಲ್ಲ. ಸಾವಿನ ಮನೇಲಿ ಕಾಫಿ ಕಾಯಿಸ್ತಾರಾ?"

ದೊಡ್ಡಯ್ಯ ಅಂಗಿ ತೊಟ್ಟು ಅಂಗಡಿಗೆ ಹೋದರು. ಗೌರೀಶ ಮಂಜುಗಡ್ಡೆಯ ಡಬ್ಬ ಇಳಿಸಿ, ಕೆಲಸ ಮುಗಿದ ಮೇಲೆ ಮಾಂಸದ ಚೂರುಗಳನ್ನಿಟ್ಟ ಡಬ್ಬ ಹೊತ್ತುಕೊಂಡು ಹಾಸನದ ದಾರಿ ಹಿಡಿದ. ಹುಳದ ಮನೆಯ ಬಾಗಿಲು ಮಧ್ಯಾಹ್ನ ಇಳಿಯುವವರೆಗೆ ಮುಚ್ಚಿಯೇ ಇತ್ತು.

ಪ್ರೇಕ್ಷಾ ಹಿತ್ತಿಲ ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು ಬಂದಳು. ಒದ್ದೆ ಕೂದಲು, ಪುಷ್ಯದ ಚಳಿಗೆ ತುಟಿ ನಡುಗುತ್ತಿತ್ತು. ಒಳಗೆ ಬರದೆ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಸವಲಿಂಗಮ್ಮ ಮೊಸರಲ್ಲಿ ನೆನೆಸಿದ ಅವಲಕ್ಕಿಯ ಬಟ್ಟಲು ತಂದು ಮುಂದಿಟ್ಟಳು.

"ನಂಗೆ ಬೇಡ ಅತ್ತೆ," ಎಂದಳು ಪ್ರೇಕ್ಷಾ. ಕಾಲೇಜಿನಲ್ಲಿ ಎಷ್ಟೋ ಸಲ ಮಾಡಿದ ಕೆಲಸವೇ. ಇವತ್ತು ಮಾತ್ರ ಅತ್ತೆಯ ಮುಖ ನೋಡದೆ ಅಂಗೈಯನ್ನು ಸೀರೆಗೆ ಒರೆಸುತ್ತಲೇ ಇದ್ದಳು.

ಬಸವಲಿಂಗಮ್ಮ ಹುಳದ ಮನೆಯ ಕಡೆ ಒಮ್ಮೆ ನೋಡಿದಳು. ಬೆಳಗಿನಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟಳು.

"ಅವು ಅಸ್ಕೊಂಡೇ ಸತ್ವೇನೆ?"

"ಇಲ್ಲ ಅತ್ತೆ. ಒಂದು ತಿಂಗಳಿಂದ ಹೊಟ್ಟೆ ತುಂಬ ತಿಂದಿದ್ವು. ಮೂಡಣ ಸಾಲಿನವಕ್ಕೆ ಸಮ ಬಂದುಬಿಟ್ಟಿದ್ವು."

ಬಸವಲಿಂಗಮ್ಮ ಮೆಟ್ಟಿಲ ಮೇಲೆ ಸೊಸೆಯ ಪಕ್ಕದಲ್ಲೇ ಕೂತು ಬಟ್ಟಲನ್ನು ಅವಳ ಮಡಿಲಿಗೆ ಇಟ್ಟಳು.

"ಅಂಗಾದ್ರೆ ನೀನೂ ಉಣ್ಣು," ಎಂದಳು. "ನೀನ್ ಉಂಡ ಮ್ಯಾಕೆ ನಾನು ಉಣ್ತೀನಿ."

ಪ್ರೇಕ್ಷಾ ಮೊದಲ ತುತ್ತು ಬಾಯಿಗಿಡುವವರೆಗೂ ಆಕೆ ಬಟ್ಟಲಿನಿಂದ ಕೈ ತೆಗೆಯಲಿಲ್ಲ.